ಸೇತುವೆ ಬಂತು ಅಂತ ಲಾಂಚ್ ಮರೆಯಬೇಡಿ: ಶರಾವತಿ ಹಿನ್ನೀರಿನ ರೈತರ ಲೆಕ್ಕ

‘ಸೇತುವೆ ಆಯ್ತಲ್ಲ ಮಾರಾಯ್ರೆ, ಇನ್ನೂ ಲಾಂಚಿನ ಮಾತು ಯಾಕೆ?’ ಸಾಗರದ ಅಡಿಕೆ ಮಂಡಿಯಲ್ಲಿ, ಗೊಬ್ಬರದ ಅಂಗಡಿ ಕಟ್ಟೆಯಲ್ಲಿ ಈಗ ಪದೇಪದೇ ಕಿವಿಗೆ ಬೀಳುವ ಪ್ರಶ್ನೆ ಇದು. ಕೇಳುವವರ ತಪ್ಪೇನೂ ಇಲ್ಲ. 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆಯನ್ನು ಉದ್ಘಾಟಿಸಿದರು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ತುಮರಿ ಕಡೆಯ ಜನ ಅರವತ್ತು ವರ್ಷ ಕಾದಿದ್ದ ದಿನ ಅದು. ಆವತ್ತು ಕಣ್ಣೀರು ಹಾಕಿದವರೂ ಇದ್ದರು, ಪಟಾಕಿ ಹೊಡೆದವರೂ ಇದ್ದರು. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ಹಿನ್ನೀರಿನಲ್ಲಿ ಕಡವು ಇರುವುದು ಒಂದೇ ಅಲ್ಲ. ಅದಕ್ಕೇ ಈ ವಾರದ ಬರಹ ರೋಗ–ಔಷಧಿ ಬಿಟ್ಟು ಲಾಂಚ್ ಮತ್ತು ಅದರ ದರದ ಬಗ್ಗೆ. ತೋಟಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಗೊಬ್ಬರ ತೋಟಕ್ಕೆ ಬರೋದು, ಅಡಿಕೆ ಮಂಡಿಗೆ ಹೋಗೋದು, ಕೊನೆಗೌಡ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರೋದು, ಎಲ್ಲ ನಿಂತಿರುವುದು ದಾರಿಯ ಮೇಲೆ. ನಮ್ಮಲ್ಲಿ ದಾರಿ ಅಂದ್ರೆ ನೀರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಲಾಂಚ್ ದರ ಕಡಿಮೆ ಮಾಡಿ ಅಂತ ಗಲಾಟೆ ಮಾಡುವುದಕ್ಕಿಂತ, ಲಾಂಚ್ ನಿಲ್ಲಬಾರದು ಅಂತ ನಾವು ಗಟ್ಟಿಯಾಗಿ ಕೇಳಬೇಕು. ನಡೆದು ಬರುವವರಿಗೆ, ಬೈಕಿನವರಿಗೆ ಅದು ಉಚಿತ ಆಗಬೇಕು. ಅದರ ಖರ್ಚಿನ ಒಂದು ಪಾಲು ಈ ನೀರಿನಿಂದ ಬರುವ ವಿದ್ಯುತ್ತಿನ ಲೆಕ್ಕದಲ್ಲಿ ಸೇರಬೇಕು. ಯಾಕೆ ಅಂತ ಒಂದೊಂದಾಗಿ ನೋಡೋಣ.

ಸೇತುವೆ ಒಂದು, ಕಡವು ಮೂರು

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟ ಎಲ್ಲ ಮುಳುಗಿದವು. ಮುಳುಗದೆ ಉಳಿದ ಕರೂರು, ಬಾರಂಗಿ ಹೋಬಳಿಯ ಹಳ್ಳಿಗಳು ಒಂದು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು ಅಂತ ಸಿಕ್ಕಿಹಾಕಿಕೊಂಡವು. ಅದಕ್ಕೇ ಅಲ್ಲಿಯವರು ತಮ್ಮ ಊರನ್ನು ‘ದ್ವೀಪ’ ಅಂತಲೇ ಕರೆದುಕೊಂಡರು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಮಂಡಿ ಎಲ್ಲವೂ ಹೊಳೆಯ ಈಚೆ. ಈ ಎರಡು ದಡಗಳನ್ನು ಜೋಡಿಸಿದ್ದು ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್‌ಗಳು.

ಹೊರಗಿನವರಿಗೆ ಗೊತ್ತಿರೋದು ಹೊಳೆಬಾಗಿಲಿನ ಸಿಗಂದೂರು ಲಾಂಚ್ ಮಾತ್ರ, ಚೌಡೇಶ್ವರಿ ದೇವಸ್ಥಾನಕ್ಕೆ ಹೋಗುವವರು ಹತ್ತಿ ಫೋಟೊ ತೆಗೆದುಕೊಂಡ ಲಾಂಚ್. ಅದರ ಜೊತೆಗೆ ನಿಟ್ಟೂರು, ಕೊಲ್ಲೂರು ಕಡೆಗೆ ಸಾಗುವ ಹಸಿರುಮಕ್ಕಿ ಕಡವು ಇದೆ. ಕಾರ್ಗಲ್ ಕಡೆಗೆ ಹಲ್ಕೆ–ಮುಪ್ಪಾನೆ ಕಡವು ಇದೆ. ಹೊಸ ಸೇತುವೆ ಬಗೆಹರಿಸಿದ್ದು ಮೂರರಲ್ಲಿ ಒಂದನ್ನು. ಹಸಿರುಮಕ್ಕಿಯಲ್ಲಿ ಸೇತುವೆ ಕೆಲಸ ಕೈಗೆತ್ತಿಕೊಂಡಿದ್ದಾರೆ, ಒಳ್ಳೆಯದು. ಮುಪ್ಪಾನೆ ಕಡೆಯಲ್ಲಿ ಕಾಡು ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದ್ದು. ಅಲ್ಲಿ ದೊಡ್ಡ ಸೇತುವೆ, ಅಗಲದ ರಸ್ತೆ ಆಗುತ್ತೆ ಅಂತ ನಂಬಿ ಕೂತರೆ ಈಗ ಹುಟ್ಟಿದ ಮಗು ಕಾಲೇಜಿಗೆ ಹೋಗುವ ಹೊತ್ತಾದೀತು. ಅಲ್ಲಿಯವರಿಗೆ ಲಾಂಚೇ ರಸ್ತೆ, ಇನ್ನೂ ಬಹಳ ವರ್ಷ.

ನನಗೆ ಭಯ ಇರುವುದು ಇಲ್ಲೇ. ದೊಡ್ಡ ಕಡವಿಗೆ ಸೇತುವೆ ಬಂದ ಕೂಡಲೆ ಪತ್ರಿಕೆಯವರ ಕಣ್ಣು, ಜನಪ್ರತಿನಿಧಿಗಳ ಗಮನ, ಪ್ರವಾಸಿಗರ ದುಡ್ಡು ಎಲ್ಲ ಅತ್ತ ಹೋಯಿತು. ಹೊಳೆಬಾಗಿಲಿನ ಲಾಂಚನ್ನು ತೇಲುವ ಹೋಟೆಲ್ ಮಾಡೋಣ, ಪ್ರವಾಸಿ ವಿಹಾರಕ್ಕೆ ಬಿಡೋಣ ಅನ್ನುವ ಮಾತು ಕೇಳಿಬರುತ್ತೆ. ಉಳಿದ ಎರಡು ಸಣ್ಣ ಕಡವುಗಳಿಗೆ ದನಿ ಇಲ್ಲ. ದನಿ ಇಲ್ಲದ ಕಡೆ ಇಂಜಿನ್ ಕೆಟ್ಟರೆ ರಿಪೇರಿ ಆಗಲು ಎಷ್ಟು ದಿನ ಬೇಕು ಅಂತ ನಿಮಗೇ ಗೊತ್ತು.

ದುಬಾರಿ ಯಾವುದು? ಟಿಕೆಟ್ಟೋ, ಸುತ್ತೋ?

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ದರಗಳು ಬರೀ ಉದಾಹರಣೆಗೆ, ನಿಮ್ಮ ಊರಿನ ನಿಜವಾದ ದರ ಹಾಕಿಕೊಂಡು ನೀವೇ ಗುಣಿಸಿ ನೋಡಿ.

ಒಂದು ಪಿಕಪ್ಪಿನಲ್ಲಿ 15 ಕ್ವಿಂಟಾಲ್ ಮಾಲು ಹಾಕಿದ್ದೀರಿ ಅಂದುಕೊಳ್ಳಿ. ಲಾಂಚಿಗೆ ಗಾಡಿಗೆ 100 ರೂಪಾಯಿ ಕೊಟ್ಟರೆ ಕ್ವಿಂಟಾಲಿಗೆ ಬೀಳೋದು 7 ರೂಪಾಯಿಗಿಂತ ಕಡಿಮೆ. ಅಡಿಕೆಯ ಧಾರಣೆ ಬೆಳಿಗ್ಗೆಯಿಂದ ಸಂಜೆಗೆ ಏರಿಳಿಯುವುದರ ಮುಂದೆ ಅದು ಲೆಕ್ಕಕ್ಕೇ ಬರೋದಿಲ್ಲ. ಈಗ ಲಾಂಚ್ ನಿಂತಿದೆ, ಗಾಡಿ 60 ಕಿಲೋಮೀಟರ್ ಹೆಚ್ಚು ಸುತ್ತಬೇಕು ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ 20 ರೂಪಾಯಿ ಹಿಡಿದರೂ 1,200 ರೂಪಾಯಿ ಆಯ್ತು. ಕ್ವಿಂಟಾಲಿಗೆ 80 ರೂಪಾಯಿ. ಅಡಿಕೆಯಾದರೆ ತಡೆದುಕೊಳ್ಳಬಹುದು. ಅದೇ ಗಾಡಿಯಲ್ಲಿ ಬಾಳೆಕಾಯಿ, ಅನಾನಸು, ತರಕಾರಿ ಇದ್ದರೆ? ಗೊಬ್ಬರದ ಚೀಲ, ಹಿಂಡಿ ಚೀಲ ಇದ್ದರೆ? ಐವತ್ತು ಕೆ.ಜಿ. ಚೀಲದ ಮೇಲೆ 40 ರೂಪಾಯಿ ಸುಮ್ಮನೆ ಏರುತ್ತೆ.

ಅಂದ್ರೆ, ಗಾಡಿ ಇಟ್ಟುಕೊಂಡ ರೈತನಿಗೆ ಲಾಂಚಿನ ಟಿಕೆಟ್ ದುಬಾರಿ ಅಲ್ಲ. ಲಾಂಚ್ ಇಲ್ಲದಿರೋದು ದುಬಾರಿ. ಟಿಕೆಟ್ ಐದು ರೂಪಾಯಿ ಏರಿಸಿದರು ಅಂದಾಗ ದಡದಲ್ಲಿ ಜಗಳ ಆಗುತ್ತೆ. ಬೇಸಿಗೆಯಲ್ಲಿ ವಾರಗಟ್ಟಲೆ ಲಾಂಚ್ ನಿಂತಾಗ ಹಣೆಬರಹ ಅಂತ ಸುಮ್ಮನಾಗ್ತೇವೆ. ಇದು ತಲೆಕೆಳಗಾದ ಲೆಕ್ಕ.

ಆದರೆ ಗಾಡಿ ಇಲ್ಲದವರ ಲೆಕ್ಕ ಬೇರೆ. ತೋಟದ ಕೆಲಸಕ್ಕೆ ಆಚೆದಡದಿಂದ ಬರುವ ಹೆಣ್ಣಾಳು ಹೋಗಲು ಐದು, ಬರಲು ಐದು ಕೊಟ್ಟರೆ ತಿಂಗಳಿಗೆ 25 ದಿನಕ್ಕೆ 250 ರೂಪಾಯಿ. ಅದು ಒಂದು ಹೊತ್ತಿನ ಕೂಲಿಗೆ ಹತ್ತಿರ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಆಯ್ತು. ಮಲೆನಾಡಿನ ಒಳಹಳ್ಳಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್. ಹೀಗಾಗಿ ಬಸ್ಸಲ್ಲೂ ದುಡ್ಡು, ನೀರಲ್ಲೂ ದುಡ್ಡು. ಬೆಂಗಳೂರಿನ ಹೆಣ್ಣುಮಗಳಿಗೆ ಸಿಕ್ಕ ಸೌಲಭ್ಯ ಮುಪ್ಪಾನೆಯ ಹೆಣ್ಣುಮಗಳಿಗೆ ಯಾಕೆ ಸಿಗಬಾರದು ಅಂತ ನಾವು ಕೇಳಲೇ ಇಲ್ಲ.

ನೀರು ಇಳಿಯೋದು ಯಾರಿಗಾಗಿ?

‘ಸರ್ಕಾರಕ್ಕೆ ನಷ್ಟ ಆಗುತ್ತಲ್ಲ, ಡೀಸೆಲ್ ಯಾರು ಹಾಕ್ತಾರೆ?’ ಅಂತ ಕೆಲವರು ಕೇಳ್ತಾರೆ. ಇದಕ್ಕೆ ಉತ್ತರ ಅಣೆಕಟ್ಟಿನಲ್ಲೇ ಇದೆ.

ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ. ಮಳೆಗಾಲ ಮುಗಿಯುವಾಗ ತುಂಬಿದ ಈ ನೀರನ್ನು ಬೇಸಿಗೆ ಪೂರ್ತಿ ಶರಾವತಿ ವಿದ್ಯುದಾಗಾರಕ್ಕೆ ಬಿಡ್ತಾರೆ. ಅಲ್ಲಿರುವುದು 103.5 ಮೆಗಾವಾಟಿನ ಹತ್ತು ಯಂತ್ರ, ಒಟ್ಟು 1,035 ಮೆಗಾವಾಟ್. ಏಪ್ರಿಲ್–ಮೇ ಹೊತ್ತಿಗೆ ನೀರು ಇಳಿದು ಕೆಸರು ದಿಬ್ಬ ಮೇಲೆ ಬರುತ್ತೆ. ತೀರಾ ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಗಿಂತ ಮೊದಲಿನ, ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೇ ಎದ್ದು ಕಾಣುತ್ತೆ. ಅದನ್ನು ನೋಡಲು ಊರೂರಿಂದ ಜನ ಬರ್ತಾರೆ. ನಮಗೆ ಮಾತ್ರ ಅದು ಲಾಂಚ್ ನಿಲ್ಲುವ ಸೂಚನೆ. 2023ರಲ್ಲಿ ಮುಂಗಾರು ತಡವಾದಾಗ ಹಿನ್ನೀರು ಬತ್ತಿ, ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸಬೇಕಾದ ಸ್ಥಿತಿ ಬಂದದ್ದು ನಿಮಗೆ ನೆನಪಿರಬಹುದು.

ಗಮನಿಸಿ: ನೀರು ತಾನಾಗಿ ಇಳಿಯೋದು ಸ್ವಲ್ಪ. ರಾಜ್ಯಕ್ಕೆ ಕರೆಂಟು ಬೇಕು ಅಂತ ಇಳಿಸೋದು ಬಹಳ. ಅದು ತಪ್ಪು ಅಂತ ನಾನು ಹೇಳ್ತಾ ಇಲ್ಲ. ಆ ಕರೆಂಟಿನಿಂದಲೇ ನಮ್ಮ ಪಂಪ್‌ಸೆಟ್ಟೂ ಓಡೋದು. ಆದರೆ ನೀರು ಇಳಿಸಿದಾಗ ದಾರಿ ಕಡಿದುಹೋಗುವುದು ಹಿನ್ನೀರಿನವರಿಗೆ ಮಾತ್ರ. ಆ ನಷ್ಟವನ್ನು ಯಾರೂ ಯೂನಿಟ್ ಬೆಲೆಯಲ್ಲಿ ಹಿಡಿದಿಲ್ಲ. ಊರು ಬಿಟ್ಟು ಹೋದವರ ಜಮೀನಿನ ಹಕ್ಕುಪತ್ರದ ತಕರಾರೇ ಇನ್ನೂ ಮುಗಿದಿಲ್ಲ. ಉಳಿದವರ ದಾರಿಯ ಬಗ್ಗೆ ಕೇಳುವವರು ಯಾರು?

ಒಂದು ಸಣ್ಣ ಲೆಕ್ಕ ಮಾಡಿ. 1,035 ಮೆಗಾವಾಟ್ ಯಂತ್ರಗಳು ಪೂರ್ತಿ ಸಾಮರ್ಥ್ಯದಲ್ಲಿ ಒಂದು ಗಂಟೆ ಓಡಿದರೆ ಬರೋದು 10 ಲಕ್ಷ 35 ಸಾವಿರ ಯೂನಿಟ್. ಯೂನಿಟ್ಟಿಗೆ ಒಂದು ಪೈಸೆ, ಒಂದೇ ಪೈಸೆ, ಹಿನ್ನೀರಿನ ಸಾರಿಗೆಗೆ ಅಂತ ಎತ್ತಿಟ್ಟರೆ ಗಂಟೆಗೆ 10,350 ರೂಪಾಯಿ. ಇಡೀ ದಿನ ಓಡಿದರೆ ಸುಮಾರು ಎರಡೂವರೆ ಲಕ್ಷ. ಯಂತ್ರ ಯಾವಾಗಲೂ ಪೂರ್ತಿ ಓಡಲ್ಲ, ಗೊತ್ತು. ಅರ್ಧ ಅಂತ ಹಿಡಿಯಿರಿ, ಕಾಲು ಅಂತ ಹಿಡಿಯಿರಿ. ಆದರೂ ಎರಡು ಸಣ್ಣ ಕಡವುಗಳ ಡೀಸೆಲ್ಲು, ಸಂಬಳ, ರಿಪೇರಿಗೆ ದುಡ್ಡಿಲ್ಲ ಅನ್ನುವ ಮಾತು ನಿಲ್ಲಲ್ಲ.

ಆದ್ದರಿಂದ ಲಾಂಚ್ ನಮಗೆ ಸರ್ಕಾರ ಕೊಡುವ ದಾನ ಅಲ್ಲ. ಮುಳುಗಿಸಿದ ರಸ್ತೆಗೆ ಬದಲಿ. ರಸ್ತೆ ಮೇಲೆ ನಡೆಯೋದಕ್ಕೆ ಯಾರೂ ಟಿಕೆಟ್ ಕೇಳಲ್ಲ ಅಲ್ವಾ?

ದರ ಹೇಗಿದ್ದರೆ ನ್ಯಾಯ?

ಎಲ್ಲರಿಗೂ ಎಲ್ಲವೂ ಪುಕ್ಕಟೆ ಅನ್ನುವುದನ್ನು ನಾನು ಒಪ್ಪೋದಿಲ್ಲ. ಪುಕ್ಕಟೆ ಸೇವೆ ಕೆಟ್ಟು ನಿಂತಾಗ ಕೇಳುವ ಬಾಯಿ ಇರೋದಿಲ್ಲ. ನನ್ನ ಪ್ರಕಾರ ಹೀಗಿರಲಿ:

ನಡೆದು ಬರುವವರು, ಸೈಕಲ್, ಬೈಕ್, ಹಾಲಿನ ಕ್ಯಾನು, ಶಾಲೆ ಮಕ್ಕಳು: ಉಚಿತ.

ಸ್ಥಳೀಯ ರೈತರ ಸರಕಿನ ಗಾಡಿ, ಟ್ರ್ಯಾಕ್ಟರ್: ಪಂಚಾಯಿತಿ ದೃಢೀಕರಿಸಿದ ವರ್ಷದ ಪಾಸ್. ಪ್ರತಿ ಸಲ ಚಿಲ್ಲರೆ ಹುಡುಕುವ ತಲೆನೋವೂ ಇಲ್ಲ, ರಸೀದಿ ಕೊಡಲಿಲ್ಲ ಅನ್ನುವ ಜಗಳವೂ ಇಲ್ಲ.

ಹೊರಗಿನ ಪ್ರವಾಸಿ ಕಾರು, ಮಿನಿ ಬಸ್: ಪೂರ್ತಿ ದರ, ಬೇಕಾದರೆ ಶನಿವಾರ–ಭಾನುವಾರ ಹೆಚ್ಚು.

ಆಂಬುಲೆನ್ಸ್, ಹೆರಿಗೆ, ಹಾವು ಕಚ್ಚಿದ ಕೇಸು: ದರದ ಮಾತೇ ಇಲ್ಲ, ರಾತ್ರಿಯಾದರೂ ಲಾಂಚ್ ಹೊರಡಬೇಕು. ಅದಕ್ಕೆ ಒಬ್ಬ ಚಾಲಕ ಕಡವಿನಲ್ಲೇ ಉಳಿಯುವ ವ್ಯವಸ್ಥೆ ಆಗಬೇಕು.

ಇದು ಆಗದ ಹೋಗದ ಮಾತಲ್ಲ. ಪಕ್ಕದ ಗೋವಾದಲ್ಲಿ ಮಾಂಡೋವಿ, ಜುವಾರಿ ನದಿಯ ಸರ್ಕಾರಿ ಫೆರಿಗಳಲ್ಲಿ ನಡೆದು ಬರುವವರಿಗೆ ಟಿಕೆಟ್ ಇಲ್ಲ, ಕಾರಿಗೆ ಮಾತ್ರ ದರ. ಅಲ್ಲಿ ಬೈಕಿಗೆ ದರ ಹಾಕುವ ಯೋಚನೆ ಬಂದಾಗ ಜನ ಎದ್ದು ನಿಂತು ವಿರೋಧಿಸಿದರು. ಕೇರಳದಲ್ಲಿ ದೋಣಿ ಸಂಚಾರಕ್ಕೇ ಅಂತ ಪ್ರತ್ಯೇಕ ಜಲಸಾರಿಗೆ ಇಲಾಖೆ ಇದೆ, ಬಸ್ಸಿನ ಹಾಗೆ ವೇಳಾಪಟ್ಟಿ ಇದೆ. ವೈಕಂ–ತವಣಕಡವು ನಡುವೆ 2017ರಿಂದ ‘ಆದಿತ್ಯ’ ಅನ್ನುವ ಸೌರ ದೋಣಿ ಓಡ್ತಾ ಇದೆ, 75 ಜನ ಕೂರಬಹುದು. ಮಲೆನಾಡಿನ ಮಳೆಗಾಲದಲ್ಲಿ ಬರೀ ಬಿಸಿಲು ನಂಬಿಕೊಂಡರೆ ಕಷ್ಟ, ನಿಜ. ಆದರೆ ಜನ ದಾಟಿಸಲು ಬ್ಯಾಟರಿ ದೋಣಿ, ವಾಹನಕ್ಕೆ ಡೀಸೆಲ್ ಲಾಂಚ್ ಅಂತ ಎರಡು ಇಟ್ಟರೆ ನಾಲ್ಕು ಜನ ದಾಟಲು ದೊಡ್ಡ ಇಂಜಿನ್ ಓಡಿಸುವುದು ತಪ್ಪುತ್ತೆ. ಸಣ್ಣ ದೋಣಿಗೆ ಆಳ ಕಡಿಮೆ ಸಾಕು. ಬೇಸಿಗೆಯಲ್ಲಿ ಇನ್ನಷ್ಟು ದಿನ ಓಡಬಹುದು.

ಹೊಳೆಬಾಗಿಲಿನ ಲಾಂಚ್‌ಗಳನ್ನು ಹೋಟೆಲ್ ಮಾಡುವ ಮೊದಲು, ಅದರಲ್ಲಿ ಒಂದನ್ನಾದರೂ ಉಳಿದ ಕಡವುಗಳಿಗೆ ಬದಲಿ ಲಾಂಚ್ ಅಂತ ಇಡಲಿ. ಒಂದು ಕೆಟ್ಟರೆ ಇನ್ನೊಂದು ಬರಬೇಕು. ವರ್ಷಗಟ್ಟಲೆ ಈ ನೀರಿನ ಹುಸಿ ದಿಬ್ಬ, ಮುಳುಗಿದ ಮರದ ಬೊಡ್ಡೆ ಎಲ್ಲಿದೆ ಅಂತ ಕಣ್ಣುಮುಚ್ಚಿ ಹೇಳುವ ಲಾಂಚ್ ಸಿಬ್ಬಂದಿ ಇದ್ದಾರೆ. ಅವರ ಅನುಭವವನ್ನೂ ಗುಜರಿಗೆ ಹಾಕಬಾರದು.

ಸೇತುವೆ ಕಡೆಯವರು ಇದನ್ನು ಗಮನಿಸಿ

ತುಮರಿ, ಕಳಸವಳ್ಳಿ ಕಡೆಯ ಗೆಳೆಯರಿಗೆ ಒಂದು ಮಾತು. ಮೊದಲು ಬಾಡಿಗೆ ಗಾಡಿಯವರು ಸಾಗರಕ್ಕೆ ಹೇಳುತ್ತಿದ್ದ ದರದಲ್ಲಿ ಲಾಂಚಿನ ಟಿಕೆಟ್, ಕ್ಯೂನಲ್ಲಿ ಕಾಯುವ ಹೊತ್ತು, ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಉಳಿಯಬೇಕಾದ ಅಪಾಯ ಎಲ್ಲ ಸೇರಿತ್ತು. ಈಗ ಅದ್ಯಾವುದೂ ಇಲ್ಲ. ಹಳೇ ಬಾಡಿಗೆಯನ್ನೇ ಈಗಲೂ ಕೊಡ್ತಾ ಇದ್ದರೆ, ಸೇತುವೆಯ ಲಾಭ ನಿಮ್ಮ ತೋಟಕ್ಕೆ ಬಂದಿಲ್ಲ ಅಂತ ಅರ್ಥ. ನಾಲ್ಕೈದು ಮನೆಯವರು ಸೇರಿ ಗಾಡಿ ಮಾಡಿ, ಕ್ವಿಂಟಾಲ್ ಲೆಕ್ಕದಲ್ಲಿ ದರ ಮಾತಾಡಿ. ಗೊಬ್ಬರ ತರಲು ಹೋಗುವ ಗಾಡಿಯಲ್ಲೇ ಅಡಿಕೆ ಹೋಗಲಿ, ಖಾಲಿ ಗಾಡಿಗೆ ಯಾಕೆ ಬಾಡಿಗೆ?

ಮೊಬೈಲ್ ಕೈಯಲ್ಲಿದೆ, ಇಷ್ಟು ಮಾಡಿ

ಹಸಿರುಮಕ್ಕಿ, ಮುಪ್ಪಾನೆ ಕಡೆಯ ಯುವ ರೈತರು ಸರ್ಕಾರದ ಉತ್ತರಕ್ಕೆ ಕಾಯದೆ ಈ ವರ್ಷದಿಂದಲೇ ಮಾಡಬಹುದಾದ ಕೆಲಸಗಳು ಇವು.

1. ನೀರಿನ ಮಟ್ಟ ಬರೆದಿಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರತಿದಿನ ಜಲಾಶಯಗಳ ಮಟ್ಟ ಪ್ರಕಟಿಸುತ್ತೆ. ಲಿಂಗನಮಕ್ಕಿಯ ಅಂಕಿ ಮೊಬೈಲಿನಲ್ಲೇ ಸಿಗುತ್ತೆ. ನಿಮ್ಮ ಕಡವಿನಲ್ಲಿ ವಾಹನ ಹತ್ತಿಸುವುದು ನಿಂತ ದಿನ ಎಷ್ಟು ಅಡಿ ಇತ್ತು, ಲಾಂಚ್ ಪೂರ್ತಿ ನಿಂತ ದಿನ ಎಷ್ಟಿತ್ತು ಅಂತ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಆ ಅಂಕಿ ಹತ್ತಿರ ಬರುತ್ತಿದ್ದಂತೆ ನಿಮಗೆ ಎರಡು ಮೂರು ವಾರ ಮೊದಲೇ ಗೊತ್ತಾಗುತ್ತೆ.

2. ಗೊಬ್ಬರ ಮಾರ್ಚ್ ಒಳಗೆ ದಾಟಿಸಿ. ಅಡಿಕೆಗೆ ಶಿಫಾರಸು ವರ್ಷಕ್ಕೆ ಮರವೊಂದಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಎಕರೆಗೆ 550 ಮರ ಅಂದರೆ ಸುಮಾರು 120 ಕೆ.ಜಿ. ಯೂರಿಯಾ, 110 ಕೆ.ಜಿ. ಶಿಲಾರಂಜಕ, 128 ಕೆ.ಜಿ. ಎಂ.ಓ.ಪಿ. ಬೇಕು. ಒಟ್ಟು ಏಳೆಂಟು ಚೀಲ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಲಾಂಚ್ ಓಡುವಾಗಲೇ ತಂದು, ನೆಲಕ್ಕೆ ತಾಗದಂತೆ ಹಲಗೆ ಮೇಲೆ ಪೇರಿಸಿ ತಾಡಪಾಲು ಹೊದಿಸಿ. ಯೂರಿಯಾ ತೇವ ಎಳೆದರೆ ಗಟ್ಟಿಯಾಗುತ್ತೆ.

3. ಕೊಳೆ ಔಷಧಿಗೂ ಇದೇ ಮಾತು. ಬೋರ್ಡೊ ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆಯೇ ಆಗಬೇಕು, ಎರಡನೆಯದು 40–45 ದಿನಕ್ಕೆ. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೊದಲ ಸಿಂಪರಣೆಯ ಹೊತ್ತು ಅಂದ್ರೆ ಲಾಂಚ್ ಕೈಕೊಡುವ ಹೊತ್ತೇ. ಮೈಲುತುತ್ತ, ಸುಣ್ಣ ಮೊದಲೇ ತನ್ನಿ. ಸುಣ್ಣವನ್ನು ಗಾಳಿ ಆಡದ ಡಬ್ಬಿಯಲ್ಲಿ ಮುಚ್ಚಿಡಿ.

4. ಲಾಂಚ್ ನಿಂತ ದಿನಗಳ ದಾಖಲೆ ಇಡಿ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಜೊತೆಗೆ ‘ಇವತ್ತು ಲಾಂಚ್ ಇದೆ/ಇಲ್ಲ, ಕಾರಣ ಇದು’ ಅಂತ ಒಬ್ಬರು ಹಾಕಲಿ. ದಡದ ಫೋಟೊ ಇರಲಿ. ವರ್ಷದ ಕೊನೆಗೆ ಎಷ್ಟು ದಿನ ನಿಂತಿತ್ತು ಅನ್ನುವ ಅಂಕಿ ಕೈಯಲ್ಲಿದ್ದರೆ ಅಧಿಕಾರಿಯ ಮುಂದೆ ಮಾತಾಡುವ ಧೈರ್ಯವೇ ಬೇರೆ.

5. ಮಾಹಿತಿ ಹಕ್ಕು ಬಳಸಿ. ನಿಮ್ಮ ಕಡವಿನಲ್ಲಿ ಟಿಕೆಟ್ಟಿನಿಂದ ವರ್ಷಕ್ಕೆ ಎಷ್ಟು ಬಂತು, ಡೀಸೆಲ್–ರಿಪೇರಿಗೆ ಎಷ್ಟು ಹೋಯಿತು, ಲಾಂಚಿನ ತಪಾಸಣೆ ಯಾವಾಗ ಆಗಿದೆ ಅಂತ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಆನ್‌ಲೈನಿನಲ್ಲೂ ಹಾಕಬಹುದು, 30 ದಿನದೊಳಗೆ ಉತ್ತರ ಕೊಡಬೇಕು. ‘ನಷ್ಟ’ ಅನ್ನುವ ಮಾತು ನಿಜವೋ ಸುಳ್ಳೋ ಆಗ ಗೊತ್ತಾಗುತ್ತೆ.

6. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಬಾಯಿಮಾತಿನ ಬೇಡಿಕೆ ಬೇಡ. ದರ ಪಟ್ಟಿ, ಬದಲಿ ಲಾಂಚ್, ನೀರು ಇಳಿದಂತೆ ದಕ್ಕೆ ಕೆಳಗೆ ಸರಿಸುವ ಜವಾಬ್ದಾರಿ ಯಾರದು, ಈ ಮೂರನ್ನು ನಿರ್ಣಯದಲ್ಲಿ ಬರೆಸಿ ಜಿಲ್ಲಾಧಿಕಾರಿಗೆ, ಜಲಸಾರಿಗೆ ಇಲಾಖೆಗೆ, ವಿದ್ಯುತ್ ನಿಗಮಕ್ಕೆ ಕಳಿಸಿ. ಮೂರೂ ಕಡೆಯಿಂದ ಸ್ವೀಕೃತಿ ಇಟ್ಟುಕೊಳ್ಳಿ.

ಇನ್ನೊಂದು ಎಚ್ಚರಿಕೆ. ಲಾಂಚ್ ನಿಂತಿದೆ ಅಂತ ತೆಪ್ಪದಲ್ಲಿ, ಸಣ್ಣ ದೋಣಿಯಲ್ಲಿ ಚೀಲ ಹೇರಿಕೊಂಡು ದಾಟಬೇಡಿ. ಗಾಳಿಗೆ ಹಿನ್ನೀರಿನಲ್ಲಿ ಏಳುವ ಅಲೆ ಸಣ್ಣದಲ್ಲ, ಕೆಳಗೆ ಮರದ ಬೊಡ್ಡೆಗಳಿವೆ. ದಾಟಲೇಬೇಕಾದರೆ ಲೈಫ್ ಜಾಕೆಟ್ ಇಲ್ಲದೆ ಬೇಡ. ಜನ ಸಾಗಿಸುವ ದೋಣಿಗೆ ನೋಂದಣಿ, ತಪಾಸಣೆ, ಜೀವರಕ್ಷಕ ಸಾಮಗ್ರಿ ಇರಬೇಕು ಅಂತ 2021ರ ಒಳನಾಡು ಹಡಗು ಕಾಯ್ದೆಯೇ ಹೇಳುತ್ತೆ.

ಸಿಗಂದೂರು ಸೇತುವೆ ತಾನಾಗಿ ಬಂದದ್ದಲ್ಲ. ದ್ವೀಪದ ಜನ ಪಾದಯಾತ್ರೆ ಮಾಡಿದರು, ಅರ್ಜಿ ಕೊಟ್ಟರು, ಚುನಾವಣೆಯಿಂದ ಚುನಾವಣೆಗೆ ಕೇಳುತ್ತಲೇ ಇದ್ದರು. ಅವರಿಗೆ ಈಗ ದಾರಿ ಸಿಕ್ಕಿದೆ. ಉಳಿದ ಎರಡು ಕಡವಿನವರ ಪರವಾಗಿ ಮಾತಾಡಲು ಅವರಿಗಿಂತ ಚೆನ್ನಾಗಿ ಈ ಕಷ್ಟ ಗೊತ್ತಿರುವವರು ಯಾರಿದ್ದಾರೆ? ಸೇತುವೆ ದಾಟಿ ಮಂಡಿಗೆ ಬರುವ ತುಮರಿಯ ಹುಡುಗರು ಮುಂದಿನ ಗ್ರಾಮಸಭೆಯಲ್ಲಿ ಹಸಿರುಮಕ್ಕಿ, ಮುಪ್ಪಾನೆಯ ಹೆಸರೂ ಎತ್ತಲಿ. ನಿಮ್ಮ ಕಡವಿನಲ್ಲಿ ಈ ಬೇಸಿಗೆ ಲಾಂಚ್ ನಿಂತ ದಿನ, ಆವತ್ತಿನ ನೀರಿನ ಮಟ್ಟ ಎರಡನ್ನೂ ಬರೆದಿಡಲು ಇವತ್ತೇ ಒಬ್ಬರನ್ನು ಗೊತ್ತು ಮಾಡಿ.